ತಲೆಬುರುಡೆಯೂ ದವಡೆಯ ಕೀಲೂ

ನಮ್ಮ ಶಾಲೆಯಲ್ಲಿ ಕಲಿತು ಹೋದವರೆಲ್ಲರಿಗೂ ವಿಜ್ಞಾನದ ಕೋಣೆಯ ಮೂಲೆಯಲ್ಲಿರುವ ಗಾಜಿನ ಕಪಾಟು ನೆನಪಿರಬಹುದು. ಅದರ ಮೇಲಿನ ಹಲಗೆಯಲ್ಲಿ ತಲೆಬುರುಡೆಯ ಒಂದು ಪ್ರತಿರೂಪವಿದೆ. ಹೊಸದಾಗಿ ಬಂದ ಚಿಕ್ಕ ಹುಡುಗಿಯರು ಅದನ್ನು ಕಂಡು ಅಂಜುವದೂ, ದೊಡ್ಡ ಹುಡುಗಿಯರು ಅದರ ಕೆಳದವಡೆಯನ್ನು ಬೆರಳಿನಿಂದ ಎತ್ತಿ ಇಳಿಸಿ ಅವರನ್ನು ನಗಿಸುವದೂ ವರ್ಷ ವರ್ಷವೂ ನಡೆದು ಬಂದ ಸಂಗತಿ. ಆ ದವಡೆಯನ್ನು ಎರಡು ಸಣ್ಣ ಸ್ಪ್ರಿಂಗುಗಳು ಹಿಡಿದುಕೊಂಡಿವೆ. ನಮ್ಮ ದೇಹದಲ್ಲಿಯಾದರೋ ಆ ಸ್ಪ್ರಿಂಗುಗಳ ಸ್ಥಾನದಲ್ಲಿ ಬಹು ಚಮತ್ಕಾರದ ಕೀಲು ಇದೆ. ಅದರ ವಿಷಯವಾಗಿ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ನಾಲ್ಕು ಮಾತುಗಳನ್ನು ತಿಳಿಸಬೇಕೆಂದು ಬಹು ದಿನಗಳಿಂದ ನನ್ನ ಮನಸ್ಸಿನಲ್ಲಿತ್ತು.

ಇದಕ್ಕೆ ಕಾರಣಳಾದವಳು ನನ್ನ ಒಬ್ಬ ವಿದ್ಯಾರ್ಥಿನಿ. ನಾನು ಶಿಕ್ಷಕಿಯಾಗಿ ಸೇರಿದ ಮೊದಲಿನ ವರ್ಷಗಳಲ್ಲಿ ಹುನಗುಂದದ ಕಡೆಯ ಒಂದು ಹಳ್ಳಿಯಿಂದ ಬಂದ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ಬರಹ ದುಂಡಾಗಿತ್ತು, ಲೆಕ್ಕ ತಪ್ಪುತ್ತಿರಲಿಲ್ಲ. ಆದರೆ ಗಟ್ಟಿಯಾಗಿ ಓದೆಂದರೆ ಹಲ್ಲು ಕಚ್ಚಿಕೊಂಡು ಗುಣುಗುಟ್ಟುತ್ತಿದ್ದಳು. “ತುಟಿಯಲ್ಲಿಯೇ ಓದಬೇಡವೇ, ಬಾಯಿ ತೆರೆ,” ಎಂದು ನಾನು ಎಷ್ಟೋ ಸಾರಿ ಎಲ್ಲರ ಎದುರಿಗೆ ಗದರಿಸಿದೆನು. ಮಧ್ಯಾಹ್ನದಲ್ಲಿ ಅವಳು ಒಬ್ಬಳೇ ಕುಳಿತು ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಯಿಸಿ, ಚೂರು ಚೂರಾಗಿ ಹಲ್ಲಿನ ಸಂದಿಯಿಂದ ಒಳಗೆ ದೂಡಿಕೊಳ್ಳುತ್ತಿದ್ದುದನ್ನು ನೋಡಿಯೂ ನಾನು ಅದನ್ನು ನಾಚಿಕೆಯ ಸ್ವಭಾವವೆಂದು ತಿಳಿದೆನು. ಪಾಠದ ವೇಳೆಯಲ್ಲಿ ತೂಕಡಿಸಿದರೆ ಸೋಮಾರಿ ಎಂದೆನು. ಅವಳ ಬಾಯಿ ತೆರೆಯುತ್ತಲೇ ಇರಲಿಲ್ಲವೆಂಬದು ನನಗೆ ತಿಳಿಯಲು ಒಂದು ವರ್ಷ ಬೇಕಾಯಿತು. ಅದು ಯಾಕೆ ತೆರೆಯುತ್ತಿರಲಿಲ್ಲವೆಂಬದನ್ನು ತಿಳಿಯಬೇಕಾದರೆ ತಲೆಬುರುಡೆಯ ರಚನೆಯನ್ನು ಸ್ವಲ್ಪ ನೋಡಬೇಕಾಗುತ್ತದೆ.

ನಮ್ಮ ಸೀಮೆಯ ಬಾದಾಮಿಯಲ್ಲಿ ಚಾಲುಕ್ಯರ ಕಾಲದ ಗುಹೆಗಳಿವೆ. ಅವುಗಳಲ್ಲಿ ಮೂರನೆಯದು ಕ್ರಿ.ಶ. 578ರದೆಂದು ಅಲ್ಲಿಯ ಶಾಸನವೇ ಹೇಳುತ್ತದೆ. ಆ ಗುಹೆಗಳನ್ನು ಬಂಡೆಯನ್ನೇ ಕೊರೆದು ಮಾಡಿದ್ದಾರೆ, ಅವುಗಳಲ್ಲಿ ಜೋಡಣೆಯಿಲ್ಲ. ಐಹೊಳೆಯ ಗುಡಿಗಳು ಹಾಗಲ್ಲ. ಅಲ್ಲಿ ಕಲ್ಲಿಗೆ ಕಲ್ಲನ್ನು ಹೊಂದಿಸಿ, ಗಾರೆಯಿಲ್ಲದೆ ಕೂಡ್ರಿಸಿ ಕಟ್ಟಿದ್ದಾರೆ. ತಲೆಬುರುಡೆಯು ನೋಡುವದಕ್ಕೆ ಬಾದಾಮಿಯ ಗುಹೆಯಂತೆ ಒಂದೇ ಬಂಡೆಯಾಗಿ ಕಂಡರೂ ನಿಜವಾಗಿ ಐಹೊಳೆಯ ಗುಡಿಯಂತೆ ಜೋಡಿಸಿದ ಕಟ್ಟಡವಾಗಿದೆ. ಅದರಲ್ಲಿ 22 ಎಲುಬುಗಳುಂಟು. ಮೆದುಳನ್ನು ಕಾಯುವ ಪೆಟ್ಟಿಗೆಯಲ್ಲಿ 8, ಮುಖದಲ್ಲಿ 14. ಕಿವಿಯೊಳಗಿನ ಆರು ಸಣ್ಣ ಎಲುಬುಗಳನ್ನೂ ನಾಲಿಗೆಯ ಬುಡದ ಒಂದನ್ನೂ ಕೂಡಿಸಿದರೆ 29 ಆಗುವವು. ಪರೀಕ್ಷೆಯಲ್ಲಿ ಒಬ್ಬಳು 22 ಎಂದೂ ಮತ್ತೊಬ್ಬಳು 29 ಎಂದೂ ಬರೆಯುವದು ಈ ಕಾರಣದಿಂದಲೇ.

ಮೆದುಳಿನ ಪೆಟ್ಟಿಗೆಯ ಎಂಟು ಎಲುಬುಗಳು ಇವು: ಹಣೆಯದು ಒಂದು; ತಲೆಯ ಮೇಲ್ಭಾಗದ ಎಡಬಲಗಳಲ್ಲಿ ಚಾವಣಿಯಂತಿರುವ ಪಾರ್ಶ್ವಾಸ್ಥಿಗಳು ಎರಡು; ಹಿಂದಲೆಯದು ಒಂದು; ಕಿವಿಗಳ ಸುತ್ತಲಿರುವ ಶಂಖಾಸ್ಥಿಗಳು ಎರಡು; ಕಣ್ಣುಗಳ ಹಿಂದೆ ರೆಕ್ಕೆ ಚಾಚಿದ ಬಾವಲಿಯಂತೆ ಕಾಣುವ ಜತೂಕಾಸ್ಥಿ ಒಂದು; ಮೂಗಿನ ಮೇಲುಗಡೆಯಲ್ಲಿ ಜರಡಿಯಂತೆ ತೂತುಗಳುಳ್ಳ ಝರ್ಝರಾಸ್ಥಿ ಒಂದು. ಮುಖದ ಹದಿನಾಲ್ಕರಲ್ಲಿ ಮೇಲ್ದವಡೆ, ಕೆನ್ನೆ, ಮೂಗಿನ ದಿಂಡು, ಕಣ್ಣೀರಿನ ಕುಳಿ, ಅಂಗಳ, ಮೂಗಿನೊಳಗಿನ ಸುರುಳಿ ಇವು ಎರಡೆರಡು, ಮೂಗಿನ ನಡುಗೋಡೆಯದು ಒಂದು, ಕೆಳದವಡೆ ಒಂದು.

ಈ ಎಲುಬುಗಳ ಅಂಚುಗಳನ್ನು ನೋಡಿರಿ. ಅವು ಗರಗಸದ ಹಲ್ಲುಗಳಂತೆ ಒಂದರೊಳಗೊಂದು ಸೇರಿಕೊಂಡಿವೆ. ಇಳಕಲ್ಲ ಸೀರೆಯಲ್ಲಿ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವದನ್ನು ನಮ್ಮಲ್ಲಿ ಅನೇಕರು ಮನೆಯಲ್ಲಿಯೇ ಕಂಡಿದ್ದೀರಿ. ಹೊಲಿಗೆಯಿಲ್ಲ, ಆದರೂ ಎಳೆದರೆ ಬಿಡುವದಿಲ್ಲ. ತಲೆಯ ಎಲುಬುಗಳ ಬೆಸುಗೆಯೂ ಅಂಥದೇ. ಹುಟ್ಟಿದ ಕೂಸಿನಲ್ಲಿ ಮಾತ್ರ ಈ ಬೆಸುಗೆ ಇನ್ನೂ ಬಿದ್ದಿರುವದಿಲ್ಲ. ಎಲುಬುಗಳ ನಡುವೆ ಮೆತ್ತನೆಯ ಪೊರೆ ಇರುವದು. ಹೆರಿಗೆಯ ವೇಳೆಯಲ್ಲಿ ತಲೆಯು ಸ್ವಲ್ಪ ಅಡಕವಾಗುವದಕ್ಕೂ ಮುಂದೆ ಮೆದುಳು ಬೆಳೆಯುವದಕ್ಕೂ ಇದರಿಂದ ಅನುಕೂಲವಾಗುವದು. ನಾವು ನೆತ್ತಿ ಎಂದು ಕರೆಯುವ ಮಿಡಿಯುವ ಜಾಗವು ಸಾಮಾನ್ಯವಾಗಿ ಒಂದೂವರೆ ವರ್ಷದ ಸುಮಾರಿಗೆ ಮುಚ್ಚುವದು. ಕೂಸಿಗೆ ಭೇದಿಯಾದಾಗ ಅದು ಕುಳಿಬಿದ್ದರೆ ಮೈಯ ನೀರು ಕಡಿಮೆಯಾಗಿದೆಯೆಂದೂ, ಜ್ವರದಲ್ಲಿ ಅದು ಉಬ್ಬಿದರೆ ತಲೆಯೊಳಗೆ ಕೇಡಿರಬಹುದೆಂದೂ ತಿಳಿದು ಆಗಲೇ ದವಾಖಾನೆಗೆ ಒಯ್ಯಬೇಕು. ಎಣ್ಣೆ ಹಚ್ಚುವ ಅಜ್ಜಿಯಂದಿರು ತಲೆ ದುಂಡಗಾಗಲೆಂದು ನೆತ್ತಿಯನ್ನು ಒತ್ತುವದು ಬೇಡ. ಮೆದುಳು ಬೆಳೆದಂತೆ ತಲೆಯು ತನ್ನ ಆಕಾರವನ್ನು ತಾನೇ ಪಡೆಯುವದು.

ಈ 22 ಎಲುಬುಗಳಲ್ಲಿ ಚಲಿಸತಕ್ಕದ್ದು ಒಂದೇ, ಅದು ಕೆಳದವಡೆ. ಉಳಿದ 21 ತಮ್ಮ ಸ್ಥಳವನ್ನು ಬಿಟ್ಟು ಕದಲುವದಿಲ್ಲ. ಬೀಸುವ ಕಲ್ಲಿನಲ್ಲಿ ಕೆಳಗಿನ ಕಲ್ಲು ಸ್ಥಿರವಾಗಿದ್ದು ಮೇಲಿನದು ತಿರುಗುತ್ತದೆ. ಬಾಯಿಯಲ್ಲಿ ಮೇಲಿನದು ಸ್ಥಿರವಾಗಿದ್ದು ಕೆಳಗಿನದು ತಿರುಗುತ್ತದೆ. ಕೂಸಿನ ಕೆಳದವಡೆಯು ಎರಡು ಹೋಳಾಗಿದ್ದು ಮೊದಲನೆಯ ವರ್ಷದಲ್ಲಿ ಗದ್ದದ ನಡುವೆ ಕೂಡಿ ಒಂದಾಗುವದು. ದೊಡ್ಡವರಲ್ಲಿಯೂ ಅದು ಎರಡು ಎಲುಬುಗಳೆಂದು ಗ್ರೀಕ್ ವೈದ್ಯನಾದ ಗ್ಯಾಲನನು ಬರೆದಿದ್ದನು. ಅದು ಒಂದೇ ಎಂದು 1543ರಲ್ಲಿ ವೆಸೇಲಿಯಸನು ತನ್ನ ಶರೀರರಚನೆಯ ಗ್ರಂಥದಲ್ಲಿ ತೋರಿಸಿಕೊಟ್ಟನು. ಅವನು ದೇಹವನ್ನು ಸ್ವತಃ ಕೊಯ್ದು ನೋಡಿ ಬರೆದದ್ದರಿಂದ ಹಳೆಯ ತಪ್ಪು ತಿದ್ದಿತು. ನೋಡದೆ ನಂಬುವದು ವೈದ್ಯರಿಗೂ ಸಲ್ಲದು, ಶಿಕ್ಷಕರಿಗೂ ಸಲ್ಲದು.

ಈಗ ಈ ಪುಟವನ್ನು ಕೆಳಗಿಟ್ಟು ಎರಡೂ ತೋರುಬೆರಳುಗಳನ್ನು ಎರಡು ಕಿವಿಗಳ ಮುಂದೆ ಇಟ್ಟುಕೊಳ್ಳಿರಿ. ಮೆಲ್ಲಗೆ ಬಾಯಿ ತೆರೆಯಿರಿ, ಮುಚ್ಚಿರಿ. ಬೆರಳಿನ ಕೆಳಗೆ ಏನೋ ಒಂದು ಮುಂದಕ್ಕೆ ಸರಿದು ಹಿಂದಕ್ಕೆ ಬರುವದು ತಿಳಿಯುತ್ತದೆ. ಅದೇ ದವಡೆಯ ಕೀಲು. ಶಂಖಾಸ್ಥಿಯ ಕೆಳಮೈಯಲ್ಲಿ ಒಂದು ಕುಳಿ ಇದೆ. ಕುಳಿಯ ಮುಂದೆ ಒಂದು ಸಣ್ಣ ದಿನ್ನೆ ಇದೆ. ಕೆಳದವಡೆಯ ಹಿಂದಿನ ತುದಿಯು ಮೇಲಕ್ಕೆ ಎದ್ದು, ಸಣ್ಣ ಕೊರಳಾಗಿ, ಆ ಕೊರಳಿನ ಮೇಲೆ ಗುಂಡನೆಯ ತಲೆಯಾಗಿ ಈ ಕುಳಿಯಲ್ಲಿ ಕೂತಿದೆ. ಎರಡರ ನಡುವೆ ಮೆತ್ತನೆಯ ಗಟ್ಟಿ ನಾರಿನ ಬಿಲ್ಲೆಯೊಂದು ಇರುವದರಿಂದ ಎಲುಬಿಗೆ ಎಲುಬು ತಿಕ್ಕುವದಿಲ್ಲ.

ಬಾಗಿಲಿನ ತಿರುಗುಣಿಯು ನಿಂತಲ್ಲಿಯೇ ತಿರುಗುವದು. ದವಡೆಯ ಕೀಲು ಮೊದಲು ಹಾಗೆ ತಿರುಗಿ, ಬಾಯಿ ಇನ್ನೂ ಅಗಲವಾಗಬೇಕಾದಾಗ ಬಿಲ್ಲೆಯ ಸಮೇತ ಕುಳಿಯಿಂದ ಜಾರಿ ಮುಂದಿನ ದಿನ್ನೆಯವರೆಗೆ ಹೋಗುವದು. ತಿರುಗುವದು ಬಿಲ್ಲೆಯ ಕೆಳಗೆ, ಜಾರುವದು ಬಿಲ್ಲೆಯ ಮೇಲೆ. ಮುಚ್ಚುವ ಕೆಲಸಕ್ಕೆ ಬಲವಾದ ಸ್ನಾಯುಗಳಿವೆ. ಹಲ್ಲು ಕಚ್ಚಿದರೆ ಕೆನ್ನೆಯಲ್ಲಿಯೂ ಕಣ್ಣಿನ ಪಕ್ಕದ ಕಣತಲೆಯಲ್ಲಿಯೂ ಅವು ಗಟ್ಟಿಯಾಗುವದನ್ನು ಕೈಯಿಟ್ಟು ನೋಡಬಹುದು. ತಲೆಯನ್ನು ಮುಂದಕ್ಕೆ ಎಳೆಯುವದಕ್ಕೆ ಒಳಗಡೆ ಬೇರೊಂದು ಸ್ನಾಯುವುಂಟು. ಇನ್ನೊಂದು ವಿಶೇಷವೇನಂದರೆ, ಎಲುಬು ಒಂದು, ಕೀಲುಗಳು ಎರಡು. ಜೋಡೆತ್ತಿನ ಬಂಡಿಯಂತೆ ಎರಡೂ ಕೂಡಿಯೇ ನಡೆಯಬೇಕು. ಒಂದು ನಿಂತರೆ ಮತ್ತೊಂದು ಮುಂದೆ ಹೋಗಿ, ಗದ್ದವು ನಿಂತ ಕೀಲಿನ ಕಡೆಗೆ ವಾಲುವದು.

ದೊಡ್ಡದಾಗಿ ಆಕಳಿಸಿದಾಗ ಒಮ್ಮೊಮ್ಮೆ ಈ ಗುಂಡುತಲೆಯು ದಿನ್ನೆಯನ್ನು ದಾಟಿ ಮುಂದೆ ಹೋಗಿ ಸಿಕ್ಕಿಬೀಳುವದುಂಟು. ಆಗ ಬಾಯಿ ತೆರೆದದ್ದು ಮುಚ್ಚುವದಿಲ್ಲ. ಇದು ಗಾಳಿ ಬಡಿದದ್ದೂ ಅಲ್ಲ, ದೃಷ್ಟಿ ತಾಕಿದ್ದೂ ಅಲ್ಲ, ಕೀಲು ತಪ್ಪಿದ್ದು. ಕ್ರಿ.ಪೂ. ಸುಮಾರು 1600ರ ಐಗುಪ್ತದೇಶದ ವೈದ್ಯಗ್ರಂಥವೊಂದರಲ್ಲಿ ಹೆಬ್ಬೆರಳುಗಳನ್ನು ಬಾಯೊಳಗೆ ದವಡೆಯ ಹಿಂದಿನ ತುದಿಗಳ ಮೇಲೂ ಉಳಿದ ಬೆರಳುಗಳನ್ನು ಗದ್ದದ ಕೆಳಗೂ ಇಟ್ಟು ಅದನ್ನು ಸ್ವಸ್ಥಾನಕ್ಕೆ ತರುವ ರೀತಿಯನ್ನು ಹೇಳಿದೆ. ನಮ್ಮ ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದ ಮೂರನೆಯ ಅಧ್ಯಾಯದಲ್ಲಿಯೂ ತಪ್ಪಿದ ದವಡೆಯನ್ನು ಕೂಡಿಸಿ, ಶಾಖ ಕೊಟ್ಟು, ಪಟ್ಟಿ ಕಟ್ಟಬೇಕೆಂಬ ವಿಧಿ ಇದೆ. ಇಂದಿನ ವೈದ್ಯರ ಕೈಚಳಕವೂ ಬಹುಮಟ್ಟಿಗೆ ಅದೇ. ಆದರೆ ಅದು ಬಲ್ಲವರ ಕೆಲಸ. ಮನೆಯಲ್ಲಿ ಕಪಾಳಕ್ಕೆ ಹೊಡೆದು ಸರಿಮಾಡಲು ನೋಡಬಾರದು.

ತೆರೆದ ಬಾಯಿ ಮುಚ್ಚದಿದ್ದರೆ ಯಾರೂ ಸುಮ್ಮನಿರುವದಿಲ್ಲ, ಅದೇ ಹೊತ್ತು ಡಾಕ್ಟರರ ಬಳಿಗೆ ಓಡುವರು. ಮುಚ್ಚಿದ ಬಾಯಿ ದಿನದಿನಕ್ಕೆ ತೆರೆಯಲಾರದೆ ಹೋದರೆ ಮಾತ್ರ ಯಾರಿಗೂ ಗೊತ್ತಾಗುವದಿಲ್ಲ. ನನ್ನ ವಿದ್ಯಾರ್ಥಿನಿಗೆ ಆದದ್ದು ಇದೇ. ಅವಳ ತಾಯಿಯನ್ನು ಕರೆಯಿಸಿ ಕೇಳಿದಾಗ ಅವರು ಮಗಳ ಗದ್ದದ ಕೆಳಗಿನ ಒಂದು ಹಳೆಯ ಕಲೆಯನ್ನು ತೋರಿಸಿದರು. ನಾಲ್ಕು ವರ್ಷದವಳಿದ್ದಾಗ ಮಾಳಿಗೆಯ ಮೆಟ್ಟಿಲಿನಿಂದ ಬಿದ್ದಳಂತೆ. ಗದ್ದ ಒಡೆದು ರಕ್ತ ಬಂತಂತೆ. ಅರಿಸಿನ ಒತ್ತಿ ಬಟ್ಟೆ ಕಟ್ಟಿದರಂತೆ. ಎಂಟು ದಿನಗಳಲ್ಲಿ ಗಾಯ ಮಾಯಿತಂತೆ. “ಗಾಯ ವಾಸಿ ಆಗಿತ್ರೀ ಅಕ್ಕಾರ, ಮತ್ತ ಏನೂ ಇರಲಿಲ್ಲ,” ಎಂದು ಆ ತಾಯಿ ಹೇಳಿದರು. ಗದ್ದದ ಗಾಯವೇನೋ ವಾಸಿಯಾಗಿತ್ತು. ಪೆಟ್ಟು ಬಿದ್ದದ್ದು ಗದ್ದಕ್ಕಾದರೂ ಎಲುಬು ಮುರಿದದ್ದು ಕಿವಿಯ ಮುಂದೆ.

ಇದು ಹೇಗೆಂದರೆ, ಗದ್ದಕ್ಕೆ ಬಿದ್ದ ಪೆಟ್ಟು ದವಡೆಯ ಉದ್ದಕ್ಕೂ ಹಾಯ್ದು ಹಿಂದಿನ ಕೀಲಿಗೆ ಮುಟ್ಟುವದು. ಕೀಲಿನ ಕುಳಿಯ ಚಾವಣಿ ಬಹು ತೆಳುವು. ಅದರ ಮೇಲೆಯೇ ಮೆದುಳು ಇದೆ. ದೊಡ್ಡವರಲ್ಲಿ ಇಂಥ ಪೆಟ್ಟಿಗೆ ದವಡೆಯ ಸಣ್ಣ ಕೊರಳು ತಾನೇ ಮುರಿದು, ಗುಂಡುತಲೆಯು ಮೆದುಳಿನೊಳಗೆ ನುಗ್ಗದಂತೆ ತಡೆಯುವದು. ಚಿಕ್ಕ ಮಕ್ಕಳಲ್ಲಿ ಕೊರಳು ಗಿಡ್ಡ, ಗುಂಡುತಲೆಯ ಹೊರಗವಚ ತೆಳುವು, ಒಳಗೆ ರಕ್ತ ಬಹಳ. ಆದ್ದರಿಂದ ತಲೆಯೇ ಚೂರಾಗಿ ಕೀಲಿನೊಳಗೆ ರಕ್ತ ತುಂಬಬಹುದು. ನೋವಿಗೆ ಅಂಜಿ ಕೂಸು ಬಾಯಿ ಆಡಿಸುವದಿಲ್ಲ. ಆಡಿಸದ ಕೀಲಿನಲ್ಲಿ ಆ ರಕ್ತವು ನಾರಾಗಿ, ನಾರು ಎಲುಬಾಗಿ, ಕೆಳದವಡೆಯು ಶಂಖಾಸ್ಥಿಗೆ ಬೆಸೆದುಹೋಗಬಹುದು. ಚಲಿಸತಕ್ಕ ಒಂದೇ ಎಲುಬೂ ಹೀಗೆ ಸ್ಥಿರವಾಗಿಬಿಡುವದು. ಬಿದ್ದ ಎಲ್ಲ ಮಕ್ಕಳಿಗೂ ಹೀಗಾಗುವದಿಲ್ಲ. ಹೆಚ್ಚಿನ ಮಕ್ಕಳ ಎಲುಬು ಚೆನ್ನಾಗಿ ಕೂಡಿಕೊಳ್ಳುವದು. ಆದರೆ ಹೀಗಾದ ಮಕ್ಕಳಲ್ಲಿ ಹೆಚ್ಚಿನವರು ಹತ್ತು ವರ್ಷದೊಳಗೆ ಪೆಟ್ಟು ತಿಂದವರೇ.

ಕೇಡು ಇಷ್ಟಕ್ಕೇ ನಿಲ್ಲುವದಿಲ್ಲ. ಕೆಳದವಡೆಯು ಬೆಳೆಯುವ ಒಂದು ಮುಖ್ಯ ಸ್ಥಾನವು ಈ ಗುಂಡುತಲೆಯಲ್ಲಿದೆ. ಅದು ಹಾಳಾದರೆ ಆ ಕಡೆಯ ದವಡೆಯ ಬೆಳವಣಿಗೆ ಕುಂಠಿತವಾಗಿ ಗದ್ದವು ಅತ್ತ ವಾಲುವದು. ಎರಡೂ ಕಡೆ ಕೆಟ್ಟರೆ ಗದ್ದವು ಹಕ್ಕಿಯ ಮುಖದಂತೆ ಹಿಂದಕ್ಕೆ ಹೋಗುವದು. ನೋಡುವವರಿಗೆ ಇಲ್ಲಿ ಮೋಸವಾಗುತ್ತದೆ. ಕೆಟ್ಟ ಬದಿಯ ಕೆನ್ನೆ ದುಂಡಗೆ ತುಂಬಿದಂತೆಯೂ ಒಳ್ಳೆಯ ಬದಿ ಚಪ್ಪಟೆಯಾಗಿಯೂ ಕಾಣುವದರಿಂದ ತಾಯಂದಿರು ಒಳ್ಳೆಯ ಬದಿಗೇ ಎಣ್ಣೆ ತಿಕ್ಕುವರು. ದವಡೆ ಸಣ್ಣದಾದರೆ ನಾಲಿಗೆಗೆ ಸ್ಥಳ ಸಾಲದೆ, ಮಲಗಿದಾಗ ಅದು ಹಿಂದೆ ಬಿದ್ದು ಉಸಿರಿನ ದಾರಿಯನ್ನು ಅಡ್ಡಗಟ್ಟುವದು. ಮಗು ಗೊರಕೆ ಹೊಡೆಯುತ್ತ ರಾತ್ರಿಯೆಲ್ಲಾ ನಿದ್ದೆಗೆಟ್ಟು ಹಗಲಿನಲ್ಲಿ ತೂಕಡಿಸುವದು. ನಾನು ಸೋಮಾರಿತನವೆಂದದ್ದು ಇದನ್ನೇ. ಹಲ್ಲು ತಿಕ್ಕಲು ಕುಂಚ ಒಳಗೆ ಹೋಗದೆ ಹಲ್ಲುಗಳು ಹುಳುಕಾಗುವವು. ವಾಂತಿಯಾದರೆ ಹೊರಗೆ ಬರಲು ದಾರಿಯಿಲ್ಲದೆ ಪ್ರಾಣಕ್ಕೇ ಅಪಾಯ.

ಆ ಹುಡುಗಿಯನ್ನು ಕೊನೆಗೆ ದೊಡ್ಡ ದವಾಖಾನೆಗೆ ಕಳುಹಿಸಿದೆವು. ಅಲ್ಲಿಯ ಶಸ್ತ್ರವೈದ್ಯರು ಬೆಸೆದ ಎಲುಬನ್ನು ಕತ್ತರಿಸಿ ತೆಗೆದು, ಮತ್ತೆ ಬೆಸೆಯದಂತೆ ಕಣತಲೆಯ ಸ್ನಾಯುವಿನ ಒಂದು ಪದರನ್ನು ನಡುವೆ ಇಟ್ಟರು. ಕೆಲವು ಮಕ್ಕಳಿಗೆ ಪಕ್ಕೆಲುಬಿನ ತುದಿಯನ್ನು ಅದರ ಮೃದ್ವಸ್ಥಿಯ ಸಮೇತ ತಂದು ಹೊಸ ಗುಂಡುತಲೆಯನ್ನು ಕೂಡ್ರಿಸುವದೂ ಉಂಟು. ಇಂಥ ರೋಗಿಗೆ ಮೂರ್ಛೆ ಕೊಡುವದೇ ಒಂದು ಸಾಹಸದ ಕೆಲಸ, ಯಾಕಂದರೆ ಉಸಿರಿನ ನಳಿಗೆಯನ್ನು ಬಾಯಿಯಿಂದ ಇಳಿಸಲು ಬರುವದಿಲ್ಲ; ಮೂಗಿನಿಂದ ಇಳಿಸಬೇಕು. ಶಸ್ತ್ರಕ್ರಿಯೆಯಾದ ಮೇಲೆ ತಿಂಗಳುಗಟ್ಟಲೆ ದಿನಕ್ಕೆ ಹಲವು ಸಾರಿ ಬಾಯಿ ತೆರೆಯುವ ಸಾಧನೆ ಮಾಡಬೇಕಾಗಿತ್ತು. ನೋವಾಗುತ್ತದೆಂದು ಅದನ್ನು ಬಿಟ್ಟರೆ ಕೀಲು ಮತ್ತೆ ಬೆಸೆಯುವದು. ಅವಳು ಬಿಡಲಿಲ್ಲ. ಈಗ ಎರಡು ಬೆರಳಿನಷ್ಟು ಬಾಯಿ ತೆರೆಯುತ್ತಾಳೆ, ರೊಟ್ಟಿಯನ್ನು ಮುರಿದು ಜಗಿದು ತಿನ್ನುತ್ತಾಳೆ. ಗದ್ದ ಮಾತ್ರ ಸಣ್ಣದಾಗಿಯೇ ಉಳಿದಿದೆ. ಕಳೆದುಹೋದ ಬೆಳವಣಿಗೆಯ ವರ್ಷಗಳು ಶಸ್ತ್ರಕ್ರಿಯೆಯೊಂದರಿಂದ ತಿರುಗಿ ಬರಲಿಲ್ಲ. ಅವಳು ಬಿದ್ದ ವಾರದಲ್ಲಿಯೇ ಯಾರಾದರೂ ಅವಳ ಕಿವಿಯ ಮುಂದೆ ಕೈಯಿಟ್ಟು ನೋಡಿದ್ದರೆ ಇಷ್ಟೆಲ್ಲ ಬೇಕಾಗುತ್ತಿರಲಿಲ್ಲವೇನೋ.

ಆದಕಾರಣ ತಾಯಂದಿರಲ್ಲಿಯೂ ಶಿಕ್ಷಕಿಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನನ್ನ ಬಿನ್ನಹ ಇಷ್ಟೇ.

ಒಂದನೆಯದು, ಮಗುವು ಗದ್ದ ಒಡೆದುಕೊಂಡು ಬಂದರೆ ಗದ್ದವನ್ನು ಮಾತ್ರ ನೋಡಿ ಬಿಡಬೇಡಿರಿ. ಕಿವಿಯ ಮುಂದೆ ಬಾವು ಅಥವಾ ನೋವು ಇದೆಯೋ, ಬಾಯಿ ತೆರೆದಾಗ ಗದ್ದ ಒಂದು ಕಡೆಗೆ ವಾಲುವದೋ, ಹಲ್ಲುಗಳು ಮೊದಲಿನಂತೆ ಕೂಡುವವೋ, ಕಿವಿಯಿಂದ ರಕ್ತ ಬಂದಿದೆಯೋ ಎಂಬದನ್ನು ನೋಡಿರಿ. ಒಂದಿದ್ದರೂ ಅದೇ ದಿವಸ ದವಾಖಾನೆಗೆ ಒಯ್ದು ದವಡೆಯ ಕೀಲಿನ ಚಿತ್ರವನ್ನು ತೆಗೆಯಿಸಿರಿ. ಸಾದಾ ಕ್ಷ-ಕಿರಣದ ಚಿತ್ರದಲ್ಲಿ ಕಾಣದ ಮುರಿತವು ಸಿ.ಟಿ. ಸ್ಕ್ಯಾನಿನಲ್ಲಿ ಕಾಣಬಹುದು. ಬಾಗಲಕೋಟೆಯಲ್ಲಿ ಪಿ.ಎಂ. ನಾಡಗೌಡ ಸ್ಮಾರಕ ದಂತ ಮಹಾವಿದ್ಯಾಲಯವೂ, ಧಾರವಾಡದಲ್ಲಿ ಎಸ್.ಡಿ.ಎಂ. ದಂತ ಮಹಾವಿದ್ಯಾಲಯವೂ ಇವೆ. ಹಲ್ಲಿನ ದವಾಖಾನೆಯೆಂದರೆ ಹಲ್ಲು ಕೀಳುವ ಸ್ಥಳ ಮಾತ್ರವೆಂದು ತಿಳಿಯಬಾರದು. ಬಾಯಿ ಮತ್ತು ದವಡೆಗಳ ಶಸ್ತ್ರಚಿಕಿತ್ಸೆಯೂ ಅಲ್ಲಿಯ ವಿದ್ಯೆಯೇ.

ಎರಡನೆಯದು, ಮೂರು ಬೆರಳಿನ ಪರೀಕ್ಷೆ. ಮಗುವು ತನ್ನದೇ ಕೈಯ ತೋರುಬೆರಳು, ನಡುಬೆರಳು, ಉಂಗುರಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ಇಡಲಿ. ಸಾಮಾನ್ಯವಾಗಿ ಮೂರೂ ಹಿಡಿಯುವವು. ದೊಡ್ಡವರಲ್ಲಿ ಈ ಅಳತೆ 35ರಿಂದ 50 ಮಿಲಿಮೀಟರಿನವರೆಗೆ ಇರುವದು. ಬಿದ್ದ ಮಗುವಿನಲ್ಲಿ ಇದನ್ನು ವಾರಕ್ಕೊಮ್ಮೆ ನೋಡುತ್ತಿರಿ. ಅಳತೆ ಇಳಿಯುತ್ತ ಹೋದರೆ ತಡಮಾಡಬೇಡಿರಿ.

ಮೂರನೆಯದು, ಮುರಿದ ಕೈಯನ್ನು ಕಟ್ಟಿಡುವಂತೆ ಮಗುವಿನ ದವಡೆಯನ್ನು ಬಹು ದಿನ ಕಟ್ಟಿಡಬಾರದು. ಕೆಲವು ದಿವಸ ಗಂಜಿ, ಮೆತ್ತನೆಯ ಅನ್ನ ಕೊಟ್ಟು, ಡಾಕ್ಟರರು ಹೇಳಿದ ದಿನದಿಂದಲೇ ಬಾಯಿ ಆಡಿಸುವದಕ್ಕೆ ಹಚ್ಚಬೇಕು. ಈ ಕೀಲನ್ನು ಚಲನೆಯೇ ಕಾಯುವದು.

ನಾಲ್ಕನೆಯದು, ಸೋರುವ ಕಿವಿಯನ್ನು ಅಲಕ್ಷಿಸಬೇಡಿರಿ. ಕಿವಿಗೂ ಈ ಕೀಲಿಗೂ ನಡುವೆ ಒಂದು ಗೋಡೆಯಷ್ಟೇ ಅಂತರ. ಕಿವಿಯ ಕೀವು ಕೀಲಿಗೆ ಇಳಿದು ಅದನ್ನು ಬೆಸೆದದ್ದೂ ಉಂಟು.

ಐದನೆಯದು, ಬಾಯಿ ತೆರೆಯದ್ದಕ್ಕೆಲ್ಲ ಕೀಲೇ ಕಾರಣವಲ್ಲ. ಯಾವುದೇ ಗಾಯವಾದ ಕೆಲವು ದಿನಗಳ ಮೇಲೆ ದವಡೆ ಬಿಗಿದರೆ ಅದು ಧನುರ್ವಾತವಿರಬಹುದು; ಆಗ ಒಂದು ತಾಸೂ ತಡೆಯಬಾರದು. ಹರೆಯದ ಹುಡುಗರಲ್ಲಿ ಬಾಯಿ ಮೆಲ್ಲಮೆಲ್ಲನೆ ಸಣ್ಣದಾಗುತ್ತ, ಖಾರ ತಿಂದರೆ ಉರಿಯುತ್ತಿದ್ದರೆ, ಅದು ಅಡಿಕೆ ಗುಟಕಾಗಳಿಂದ ಬಾಯಿಯ ಒಳಚರ್ಮ ನಾರಾಗುವ ರೋಗವಿರಬಹುದು. ಅದು ಮುಂದೆ ಅರ್ಬುದಕ್ಕೂ ದಾರಿಯಾಗಬಲ್ಲದು. ಕರ್ನಾಟಕ ಸರಕಾರವು 2013ರಲ್ಲಿ ಗುಟಕಾ ಮಾರಾಟವನ್ನು ನಿಷೇಧಿಸಿತು, ಆದರೆ ಅಡಿಕೆಯ ಚಟವನ್ನು ಮನೆಯವರೇ ಬಿಡಿಸಬೇಕು. ಮೂರು ಬೆರಳಿನ ಪರೀಕ್ಷೆ ಅಲ್ಲಿಯೂ ಉಪಯೋಗಕ್ಕೆ ಬರುವದು.

ನಮ್ಮ ಶಾಲೆಗೆ ಹೊಸದಾಗಿ ಸೇರುವ ಹುಡುಗಿಯರ ಕಣ್ಣು, ಕಿವಿಗಳನ್ನು ಪರೀಕ್ಷಿಸುವ ದಿವಸ ಈಗ ನಾನು ಇನ್ನೊಂದು ಕೆಲಸವನ್ನು ಸೇರಿಸಿದ್ದೇನೆ. ಒಬ್ಬೊಬ್ಬಳನ್ನೇ ಎದುರಿಗೆ ನಿಲ್ಲಿಸಿ ಆ ಎಂದು ಬಾಯಿ ತೆರೆಯಿಸಿ, ಅವಳ ಮೂರು ಬೆರಳುಗಳನ್ನು ಇಡಿಸಿ ನೋಡುತ್ತೇನೆ. ಹುಡುಗಿಯರು ಇದನ್ನು ಆಟವೆಂದು ತಿಳಿದು ನಗುತ್ತಾರೆ, ನಗಲಿ. ನಮ್ಮಲ್ಲಿ ಕಲಿತು ಬಾದಾಮಿ, ಹುನಗುಂದ, ಇಳಕಲ್ಲಗಳ ಶಾಲೆಗಳಲ್ಲಿ ಕಲಿಸುತ್ತಿರುವವರು ಬಹಳ ಮಂದಿ ಇದ್ದೀರಿ. ನಿಮ್ಮ ತರಗತಿಯಲ್ಲಿ ಯಾವಳಾದರೂ ಬಾಯಿ ತೆರೆದು ಓದದಿದ್ದರೆ, ಗದರಿಸುವದಕ್ಕೆ ಮೊದಲು ಅವಳ ಗದ್ದದ ಕೆಳಗೆ ಕಲೆಯೊಂದು ಇದೆಯೋ ಎಂದು ನೋಡಿರಿ. ನಾನು ನೋಡಬೇಕಾಗಿದ್ದ ದಿವಸ ನೋಡಲಿಲ್ಲ.